ನೂರಕ್ಕೆ ಎಷ್ಟು ಮಂದಿ? ಕಬ್ಬಿನ ಸೀಮೆಯಲ್ಲಿ ಸದ್ದಿಲ್ಲದೆ ಸವೆಯುವ ಕಿಡ್ನಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಈ ನಾಲ್ಕು ತಾಲೂಕುಗಳ ಯಾವುದೇ ಊರಿನಲ್ಲಿ ರಕ್ತ ತಪಾಸಣೆಯ ಲ್ಯಾಬಿನ ಮುಂದೆ ಒಂದು ಮುಂಜಾನೆ ಕುಳಿತವರಿಗೆ ಈ ಮಾತು ಹೊಸದೇನಲ್ಲ. ಕೈಯಲ್ಲಿ ರಿಪೋರ್ಟಿನ ಹಾಳೆ, ಮುಖದ ಮೇಲೆ ಗಾಬರಿ. "ಹೆಂಗ್ರಿ ಸಾಹೇಬ್ರ? ಉಚ್ಚಿ ಛಲೋ ಹೊಕ್ಕೈತಿ, ಹೊಟ್ಟಿ ನೋವಿಲ್ಲ, ನಿನ್ನಿತನಕ ಹೊಲದಾಗ ದುಡದೇನಿ. ಕಿಡ್ನಿ ಕೆಟ್ಟೈತಿ ಅಂದ್ರ ಹೆಂಗ ನಂಬೂದು?"

ನಂಬುವುದು ಕಷ್ಟವೇ ಸರಿ. ಹಲ್ಲು ಕೆಟ್ಟರೆ ನೋಯುತ್ತದೆ, ಕಣ್ಣು ಕೆಟ್ಟರೆ ಮಂಜಾಗುತ್ತದೆ, ಮೊಣಕಾಲು ಸವೆದರೆ ಕಟಕಟ ಎನ್ನುತ್ತದೆ. ಕಿಡ್ನಿ ಮಾತ್ರ ಸದ್ದು ಮಾಡುವುದಿಲ್ಲ. ಅರ್ಧಕ್ಕರ್ಧ ಸವೆದರೂ ಮನುಷ್ಯ ಉಣ್ಣುತ್ತಾನೆ, ತಿರುಗುತ್ತಾನೆ, ಮಗ್ಗ ನಡೆಸುತ್ತಾನೆ, ಕಬ್ಬು ಕಡಿಯುತ್ತಾನೆ. ಕಾಲು ಬಾತು, ಮುಖ ಊದಿ, ಉಸಿರು ಹತ್ತಿ ದವಾಖಾನೆಗೆ ಬರುವ ಹೊತ್ತಿಗೆ ಉಳಿದಿರುವುದು ಅಲ್ಪಸ್ವಲ್ಪ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಈ ರೋಗಕ್ಕೆ ಒಪ್ಪುವಷ್ಟು ಬೇರೆ ಯಾವ ರೋಗಕ್ಕೂ ಒಪ್ಪುವುದಿಲ್ಲ.

ಹಾಗಾದರೆ ಹೀಗೆ ಒಳಗೊಳಗೇ ಸವೆಯುತ್ತಿರುವ ಕಿಡ್ನಿಯ ಜನ ನಮ್ಮ ದೇಶದಲ್ಲಿ ಎಷ್ಟು? ನೂರಕ್ಕೆ ಒಬ್ಬರೋ, ಹತ್ತು ಮಂದಿಯೋ? ಕಟ್ಟೆಯ ಮೇಲೆ ಕೇಳಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ತಜ್ಞರನ್ನು ಕೇಳಿದರೂ ಒಂದೇ ಅಂಕಿ ಸಿಗುವುದಿಲ್ಲ ಎಂಬುದು ಸೋಜಿಗದ ಸಂಗತಿ. ಆದರೆ ಆ ಅಂಕಿಗಳ ನಡುವಿನ ಅಂತರದಲ್ಲೇ ಈ ನಾಲ್ಕು ತಾಲೂಕುಗಳ ಮಂದಿ ತಿಳಿಯಬೇಕಾದ ಸತ್ಯ ಅಡಗಿದೆ.

ದೇಶದ ಲೆಕ್ಕ ಏನು ಹೇಳುತ್ತದೆ?

ಮೊದಲು ಜಗತ್ತಿನ ಮಾತು. 2017ರ ಜಾಗತಿಕ ರೋಗಭಾರದ ಎಣಿಕೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 70 ಕೋಟಿ ಜನರಿಗೆ ದೀರ್ಘಕಾಲದ ಕಿಡ್ನಿ ರೋಗವಿತ್ತು. ಅದರಲ್ಲಿ ಚೀನಾದ ಪಾಲು 13 ಕೋಟಿ 20 ಲಕ್ಷ, ಭಾರತದ ಪಾಲು 11 ಕೋಟಿ 50 ಲಕ್ಷ. ಈ ಎರಡು ದೇಶಗಳೇ ಕೂಡಿ ಜಗತ್ತಿನ ರೋಗಿಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಹೊತ್ತಿದ್ದವು. 2023ರ ಎಣಿಕೆಯಲ್ಲಿ ಭಾರತದ ಅಂಕಿ 13 ಕೋಟಿ 80 ಲಕ್ಷಕ್ಕೆ ಏರಿತು. ಅಮೆರಿಕದಂಥ ಸಿರಿವಂತ ದೇಶದಲ್ಲೂ ಏಳು ವಯಸ್ಕರಲ್ಲಿ ಒಬ್ಬರಿಗೆ ಈ ರೋಗವಿದೆ, ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಅದರ ಅರಿವೇ ಇಲ್ಲ ಎಂದು ಅಲ್ಲಿನ ಸರಕಾರದ ಆರೋಗ್ಯ ಇಲಾಖೆಯೇ ಒಪ್ಪಿಕೊಂಡಿದೆ.

ಇನ್ನು ನಮ್ಮ ದೇಶ. 2013ರಲ್ಲಿ ಪ್ರಕಟವಾದ 'ಸೀಕ್' ಎಂಬ ಅಧ್ಯಯನ ದೇಶದ 13 ಕೇಂದ್ರಗಳಲ್ಲಿ ಶಿಬಿರ ಹಾಕಿ ಜನರ ರಕ್ತ, ಮೂತ್ರ ಪರೀಕ್ಷಿಸಿತು. ನೂರಕ್ಕೆ 17 ಮಂದಿಯ ಕಿಡ್ನಿಯಲ್ಲಿ ದೋಷ ಕಂಡಿತು. ಆದರೆ ಅವರಲ್ಲಿ ಹೆಚ್ಚಿನವರದು ಆರಂಭದ ಹಂತ. ಮೂರನೆಯ ಹಂತ ಇಲ್ಲವೇ ಅದಕ್ಕೂ ಮುಂದಿನ ಹಂತ ಮುಟ್ಟಿದವರು ನೂರಕ್ಕೆ 6 ಮಾತ್ರ.

ನಮ್ಮ ರಾಜ್ಯದ ಹಳ್ಳಿಗಾಡಿನ ಲೆಕ್ಕವೂ ಇದೆ. ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ 2,091 ವಯಸ್ಕರನ್ನು ತಪಾಸಣೆ ಮಾಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 6.3 ಮಂದಿಗೆ ರೋಗ ಕಂಡಿತು. ಸ್ವಾರಸ್ಯವೆಂದರೆ ಅದೇ ಜನ, ಅದೇ ರಕ್ತ. ಲೆಕ್ಕ ಹಾಕುವ ಸೂತ್ರವೊಂದನ್ನು ಬದಲಿಸಿದ ಕೂಡಲೇ ಅಂಕಿ 16ನ್ನು ದಾಟಿತು!

2025ರಲ್ಲಿ ದೇಶದ 53 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, 15 ವರ್ಷ ಮೇಲ್ಪಟ್ಟವರಲ್ಲಿ ನೂರಕ್ಕೆ 13 ಮಂದಿ ಎಂಬ ಲೆಕ್ಕ ಬಂತು. 2011ರಿಂದ 2017ರವರೆಗೆ ನಡೆದ ಅಧ್ಯಯನಗಳಲ್ಲಿ 11ರ ಆಸುಪಾಸು ಇದ್ದದ್ದು, 2018ರಿಂದ 2023ರವರೆಗಿನ ಅಧ್ಯಯನಗಳಲ್ಲಿ 16ಕ್ಕೆ ಏರಿದೆ. ಪ್ಯಾಟಿ ಮಂದಿಯ ರೋಗ, ಕುರ್ಚಿಯ ಮೇಲೆ ಕೂತು ತಿನ್ನುವವರ ರೋಗ ಎಂದು ತಿಳಿದವರಿಗೆ ಇದೇ ಅಧ್ಯಯನ ಇನ್ನೊಂದು ಪೆಟ್ಟು ಕೊಟ್ಟಿದೆ. ಪಟ್ಟಣಗಳಲ್ಲಿ ನೂರಕ್ಕೆ 10-11 ಇದ್ದರೆ, ಹಳ್ಳಿಗಳಲ್ಲಿ 15!

ಲೆಕ್ಕ ಯಾಕೆ ಹೀಗೆ ಕುಣಿಯುತ್ತದೆ?

ಕಾರಣ ಮೂರು. ಒಂದು, 'ದೀರ್ಘಕಾಲದ' ಎನ್ನಬೇಕಾದರೆ ದೋಷ ಮೂರು ತಿಂಗಳಿಗೂ ಮಿಕ್ಕಿ ಉಳಿದಿರಬೇಕು. ಜ್ವರ ಬಂದಾಗ, ವಾಂತಿ-ಭೇದಿ ಆದಾಗ, ಬಿಸಿಲಲ್ಲಿ ದುಡಿದು ನೀರು ಬತ್ತಿದಾಗ ಯಾರದೇ ಕಿಡ್ನಿಯ ಲೆಕ್ಕವೂ ತಾತ್ಕಾಲಿಕವಾಗಿ ತಪ್ಪಬಹುದು. ಶಿಬಿರದಲ್ಲಿ ಒಂದೇ ಸಲ ಪರೀಕ್ಷಿಸಿ ಎಣಿಸಿದರೆ ಇಂಥವರೂ ಎಣಿಕೆಗೆ ಬೀಳುತ್ತಾರೆ. ಎರಡು, ರಕ್ತದಲ್ಲಿನ ಕ್ರಿಯಾಟಿನಿನ್ ಎಂಬ ಕಸದ ಪ್ರಮಾಣದಿಂದ ಕಿಡ್ನಿಯ ಸೋಸುವ ಬಲವನ್ನು ಸೂತ್ರ ಹಾಕಿ ಅಂದಾಜು ಮಾಡುತ್ತಾರೆ. ಆ ಕಸ ಹುಟ್ಟುವುದು ಮಾಂಸಖಂಡದಿಂದ. ದುಡಿದು ಬಡಕಲಾದ ಹಳ್ಳಿಯ ಮುದುಕಿಗೂ, ಗರಡಿಮನೆಯ ಪೈಲವಾನನಿಗೂ ಒಂದೇ ಅಳತೆಗೋಲು ಸಲ್ಲದು. ಪೈಲವಾನನಿಗೆ 1.2 ಸರಿ ಇರಬಹುದು, ಅದೇ 1.2 ಆ ಮುದುಕಿಗೆ ಅಪಾಯದ ಗಂಟೆ. ಮೂರು, ಶಿಬಿರಕ್ಕೆ ಬರುವವರೇ ಮೈಯಲ್ಲಿ ಏನೋ ಅನುಮಾನ ಇದ್ದವರು. ಮನೆ ಮನೆಗೆ ಹೋಗಿ ಎಣಿಸಿದರೆ ಲೆಕ್ಕ ಬೇರೆ.

ಇಷ್ಟೆಲ್ಲ ಕಳೆದು, ಅತಿ ಕಡಿಮೆ ಅಂಕಿಯಾದ ನೂರಕ್ಕೆ 6ನ್ನೇ ಹಿಡಿಯೋಣ. ಸಾವಿರ ವಯಸ್ಕರಿರುವ ಒಂದು ಹಳ್ಳಿಗೆ 60 ಮಂದಿ. 2011ರ ಜನಗಣತಿಯಂತೆ ಬಾಗಲಕೋಟ ಜಿಲ್ಲೆಯ ಜನಸಂಖ್ಯೆ 18 ಲಕ್ಷ 89 ಸಾವಿರ. ಅದರಲ್ಲಿ ವಯಸ್ಕರು 11 ಲಕ್ಷ ಎಂದು ಹಿಡಿದರೂ 66 ಸಾವಿರ ಜನ! ಇದು ಅಂದಾಜು, ಮನೆ ಮನೆಯ ಎಣಿಕೆಯಲ್ಲ. ಅಂದಾಜಿನಲ್ಲಿ ಅರ್ಧ ತಪ್ಪಿದೆ ಎಂದರೂ ಉಳಿದ ಅರ್ಧವೇ ಒಂದು ಪಟ್ಟಣದಷ್ಟಾಗುತ್ತದೆ.

ಹೆದರಿಸುವುದು ಮಾತ್ರ ತಪ್ಪು. ಈ ಎಲ್ಲರೂ ನಾಳೆ ಡಯಾಲಿಸಿಸ್ ಯಂತ್ರಕ್ಕೆ ಹೋಗುವವರಲ್ಲ. ಬಹುಪಾಲು ಮಂದಿ ಆ ಹಂತ ಮುಟ್ಟುವುದೇ ಇಲ್ಲ. ಆದರೆ ಕಿಡ್ನಿ ಸವೆದವರಿಗೆ ಹೃದಯಾಘಾತ, ಲಕ್ವದ ಅಪಾಯ ಹೆಚ್ಚು. ಎಷ್ಟೋ ಮನೆಯಲ್ಲಿ "ಹಾರ್ಟ್ ಅಟ್ಯಾಕ್ ಆಗಿ ಹೋದ್ರು" ಎಂಬ ಮಾತಿನ ಹಿಂದೆ ಯಾರೂ ಗುರುತಿಸದ ಕಿಡ್ನಿಯ ರೋಗ ಅಡಗಿರುತ್ತದೆ.

ಮಗ್ಗದ ಮನೆಯವರಿಗೆ ತಿಳಿಯುವಂತೆ

ಮುಷ್ಟಿ ಗಾತ್ರದ ಎರಡು ಕಿಡ್ನಿ. ಒಂದೊಂದರಲ್ಲಿ ಹತ್ತು ಲಕ್ಷದ ಆಸುಪಾಸು ಸೂಕ್ಷ್ಮ ಜರಡಿಗಳು. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಬೇಕಾದ್ದನ್ನೆಲ್ಲ ವಾಪಸು ರಕ್ತಕ್ಕೆ ಕೊಟ್ಟು, ಒಂದೂವರೆ ಲೀಟರಿನಷ್ಟು ಕಸದ ನೀರನ್ನು ಮಾತ್ರ ಹೊರಗೆ ಕಳಿಸುತ್ತವೆ. ಇದಲ್ಲದೆ ರಕ್ತದೊತ್ತಡ ಹಿಡಿತದಲ್ಲಿಡುವುದು, ರಕ್ತ ಹುಟ್ಟಲು ಮೂಳೆಗೆ ಹುಕುಂ ಕೊಡುವುದು, ಎಲುಬು ಗಟ್ಟಿ ಇಡುವುದು ಕೂಡ ಇವುಗಳದೇ ಕೆಲಸ. ಅದಕ್ಕೇ ಕಿಡ್ನಿ ಸೋತವರು ಬಿಳಿಚಿಕೊಳ್ಳುತ್ತಾರೆ, ನಾಲ್ಕು ಹೆಜ್ಜೆಗೆ ಸುಸ್ತಾಗುತ್ತಾರೆ.

ನೇಯ್ದ ಬಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಎಳೆ ಹರಿದರೆ ಸೀರೆ ಹರಿಯುವುದಿಲ್ಲ, ಅಕ್ಕಪಕ್ಕದ ಎಳೆಗಳು ಭಾರ ಹೊರುತ್ತವೆ. ಹಾಗೆ ಹೊತ್ತು ಹೊತ್ತು ಅವೂ ಒಂದು ದಿನ ಹರಿಯುತ್ತವೆ. ಕಿಡ್ನಿಯ ಕಥೆಯೂ ಇದೇ. ಸತ್ತ ಜರಡಿಯ ಕೆಲಸ ಬದುಕಿದ ಜರಡಿಯ ಮೇಲೆ ಬೀಳುತ್ತದೆ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಉಳಿದದ್ದನ್ನು ಕಾಯುವುದಷ್ಟೇ ಮನುಷ್ಯನ ಕೈಯಲ್ಲಿದೆ.

ಜರಡಿ ಹರಿಯಲು ಶುರುವಾದ ಕೂಡಲೇ ಮೊದಲು ಸೋರುವುದು ಆಲ್ಬುಮಿನ್ ಎಂಬ ಪ್ರೋಟೀನು. ಇದನ್ನು 1827ರಲ್ಲೇ ಲಂಡನ್ನಿನ ಡಾ. ರಿಚರ್ಡ್ ಬ್ರೈಟ್ ಎಂಬ ವೈದ್ಯ ತೋರಿಸಿಕೊಟ್ಟ. ಬಾವು ಬಂದ ರೋಗಿಯ ಮೂತ್ರವನ್ನು ಚಮಚದಲ್ಲಿ ಹಾಕಿ ಮೇಣದ ಬತ್ತಿಯ ಮೇಲೆ ಕಾಯಿಸಿದರೆ ಮೊಟ್ಟೆಯ ಬಿಳಿಯ ಹಾಗೆ ಹೆಪ್ಪುಗಟ್ಟುತ್ತಿತ್ತು. ಒಂದು ಚಮಚ, ಒಂದು ಮೇಣದ ಬತ್ತಿ. ಇನ್ನೂರು ವರ್ಷ ಆಗುತ್ತ ಬಂತು. ಆ ಪರೀಕ್ಷೆ ಈಗ ಒಂದು ಸಣ್ಣ ಬಣ್ಣದ ಪಟ್ಟಿಗೆ ಇಳಿದಿದೆ. ಆದರೂ ಎಷ್ಟೋ ಸಕ್ಕರೆ ರೋಗಿಗಳು ವರ್ಷಗಟ್ಟಲೆ ಗುಳಿಗಿ ನುಂಗುತ್ತ ಬಂದರೂ ಒಮ್ಮೆಯೂ ಮೂತ್ರದ ಪರೀಕ್ಷೆ ಮಾಡಿಸಿರುವುದಿಲ್ಲ.

ಸಕ್ಕರೆ, ಬಿ.ಪಿ. ಮತ್ತು ನೋವಿನ ಗುಳಿಗಿ

ದೇಶದ ಕಿಡ್ನಿ ರೋಗಿಗಳ ನೋಂದಣಿ ಪುಸ್ತಕದಲ್ಲಿ 50 ಸಾವಿರಕ್ಕೂ ಹೆಚ್ಚು ಮಂದಿಯ ಲೆಕ್ಕ ನೋಡಿ 2012ರಲ್ಲಿ ಪ್ರಕಟಿಸಿದ ವರದಿಯಂತೆ ನೂರಕ್ಕೆ 31 ಮಂದಿಗೆ ಕಾರಣ ಸಕ್ಕರೆ ಬೇನೆ, 13 ಮಂದಿಗೆ ರಕ್ತದೊತ್ತಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ದೊಡ್ಡ ವರದಿ ಹೇಳುವಂತೆ ದೇಶದಲ್ಲಿ ಸಕ್ಕರೆ ಬೇನೆಯವರು 10 ಕೋಟಿ ದಾಟಿದ್ದಾರೆ, ವಯಸ್ಕರಲ್ಲಿ ನೂರಕ್ಕೆ 35 ಮಂದಿಗೆ ರಕ್ತದೊತ್ತಡವಿದೆ. ಹೊಳೆ ಎಷ್ಟು ತುಂಬಿದೆ ಎಂದು ಗೊತ್ತಾದ ಮೇಲೆ ಕಾಲುವೆಗೆ ಎಷ್ಟು ಬರುತ್ತದೆ ಎಂದು ಹೇಳಲು ಜೋಯಿಸರು ಬೇಕಾಗಿಲ್ಲ.

ಬಿ.ಪಿ.ಯ ಮಾತು ಬಂದರೆ ಉಪ್ಪಿನ ಮಾತು ಬಾರದೆ ಇರದು. ಉಪ್ಪಿಗಿಂತ ರುಚಿಯಿಲ್ಲ ಎನ್ನುವ ಜನ ನಾವು. ರೊಟ್ಟಿಯ ಸಂಗಡ ಕೆಂಪು ಚಟ್ನಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗಿ, ಸಂಜೆಗೆ ಮಿರ್ಚಿ-ಭಜಿ, ಚುರುಮುರಿ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹದ ಚಮಚದಷ್ಟು ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಬೋಣ. ಚಟ್ನಿ-ಉಪ್ಪಿನಕಾಯಿಯಲ್ಲೇ ಅದರ ದೊಡ್ಡ ಪಾಲು ಹೊಟ್ಟೆ ಸೇರಿರುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಗೆ ಇನ್ನೊಂದು ತುದಿಯೂ ಇದೆ: ಉಪ್ಪು ತಿಂದವನ ದಂಡವನ್ನು ಕಿಡ್ನಿ ತೆರಬೇಕು.

ಇನ್ನು ನೋವಿನ ಗುಳಿಗಿ. ದಿನವಿಡೀ ಮಗ್ಗದ ಮುಂದೆ ನಿಂತವನ ಸೊಂಟ, ಕಂಡಿಕೆ ಸುತ್ತಿದವಳ ಭುಜ, ಕಬ್ಬಿನ ಹೊರೆ ಹೊತ್ತವನ ಕತ್ತು ರಾತ್ರಿ ನೋಯದೆ ಬಿಡುವುದಿಲ್ಲ. "ಎರಡು ಗುಳಿಗಿ ಕೊಡ್ರಿ ಅಣ್ಣಾರ, ನಾಳೆ ಕೆಲಸಕ್ಕ ಹೋಗಬೇಕು" ಎಂದರೆ ಔಷಧದ ಅಂಗಡಿಯಲ್ಲಿ ಚೀಟಿ ಕೇಳುವವರು ಕಡಿಮೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಜಾತಿಯ ಗುಳಿಗಿಗಳು ನೋವು ತೆಗೆಯುವುದು ನಿಜ. ಆದರೆ ಕಿಡ್ನಿಗೆ ಹೋಗುವ ರಕ್ತನಾಳವನ್ನು ಬಿಗಿ ಮಾಡುವುದೂ ಅಷ್ಟೇ ನಿಜ. ಮೈಯಲ್ಲಿ ನೀರು ಬತ್ತಿದಾಗ, ವಯಸ್ಸಾದಾಗ, ಮೊದಲೇ ಸಕ್ಕರೆ-ಬಿ.ಪಿ. ಇದ್ದಾಗ ಇದು ಗಾಯದ ಮೇಲೆ ಬರೆ. ಒಂದು ದಿನ ನುಂಗಿದವನಿಗೆ ಏನೂ ಆಗಲಿಕ್ಕಿಲ್ಲ. ಚಹದ ಹಾಗೆ ದಿನಾ ನುಂಗುವವನ ಪಾಡು ಬೇರೆ. ಹೆಸರಿಲ್ಲದ ಭಸ್ಮ, ಪುಡಿ, ಕಷಾಯಗಳದೂ ಇದೇ ಮಾತು. ಕೆಲವದರಲ್ಲಿ ಸೀಸ, ಪಾದರಸದಂಥ ಲೋಹಗಳಿದ್ದು ಕಿಡ್ನಿಗೆ ನೇರ ಪೆಟ್ಟು ಕೊಡುತ್ತವೆ.

ಹರಳಿನ ವಿಷಯದಲ್ಲೂ ಗೊಂದಲವಿದೆ. ಕಿಡ್ನಿ ಹರಳು ಮತ್ತು ಕಿಡ್ನಿ ಸವೆತ ಎರಡೂ ಒಂದೇ ಅಲ್ಲ. ಹರಳು ಕೂಗಿ ಹೇಳುತ್ತದೆ, ಸವೆತ ಹೇಳುವುದಿಲ್ಲ. ಆದರೆ ಹರಳು ಮೂತ್ರದ ದಾರಿ ಕಟ್ಟಿ, ನೋವು ತಾನಾಗಿ ನಿಂತಿತೆಂದು ಸುಮ್ಮನೆ ಬಿಟ್ಟರೆ ಆ ಕಡೆಯ ಕಿಡ್ನಿ ಕೆಡಬಹುದು. ನೋವು ನಿಂತದ್ದು ಗುಣವಾದ ಗುರುತಲ್ಲ, ಸ್ಕ್ಯಾನಿಂಗ್ ಮಾಡಿಸಿ ನೋಡಬೇಕು.

ಬೀಳಗಿ ಕಡೆಯ ಬೋರ್‌ವೆಲ್ ನೀರು ಕುಡಿಯುವವರು ಕೇಳುವ ಪ್ರಶ್ನೆ ಇನ್ನೊಂದು: "ನೀರಿಂದ ಕಿಡ್ನಿ ಹೊಕ್ಕಾವೇನ್ರಿ?" ನೀರು ಗಡಸು ಎಂಬ ಒಂದೇ ಕಾರಣಕ್ಕೆ ಕಿಡ್ನಿ ಸೋಲುತ್ತದೆ ಎಂದು ಸಿದ್ಧವಾಗಿಲ್ಲ. ಫ್ಲೋರೈಡ್ ಮಿತಿ ಮೀರಿದ ನೀರು ಹಲ್ಲು, ಎಲುಬು ಕೆಡಿಸುವುದು ಖರೆ. ಕಿಡ್ನಿ ಸವೆದವರ ಮೈಯಿಂದ ಆ ಫ್ಲೋರೈಡ್ ಸರಿಯಾಗಿ ಹೊರಗೆ ಹೋಗುವುದಿಲ್ಲವಾದ್ದರಿಂದ ಅವರಿಗೆ ಹಾನಿ ಹೆಚ್ಚು. ಆದ್ದರಿಂದ ನೀರಿನ ಪರೀಕ್ಷೆ ಬೇಕು. ಆದರೆ ನೀರಿನ ಮೇಲೆ ತಪ್ಪು ಹೊರಿಸಿ ಸಕ್ಕರೆ-ಬಿ.ಪಿ. ತಪಾಸಣೆ ಬಿಡುವುದು ಸಲ್ಲದು.

ಕಬ್ಬಿನ ಪಡದಿಂದ ಬಂದ ಎಚ್ಚರಿಕೆ

ಮೇಲೆ ಹೇಳಿದ ನೋಂದಣಿ ಪುಸ್ತಕದಲ್ಲೇ ಇನ್ನೊಂದು ಅಂಕಿ ಇದೆ. ನೂರಕ್ಕೆ 16 ರೋಗಿಗಳಿಗೆ ಕಾರಣವೇ ಪತ್ತೆಯಾಗಿಲ್ಲ! ಸಕ್ಕರೆ ಇಲ್ಲ, ಬಿ.ಪಿ. ಇಲ್ಲ, ಹರಳಿಲ್ಲ. ಕಿಡ್ನಿ ಮಾತ್ರ ಹೋಗಿದೆ. ಇಂಥವರಲ್ಲಿ ಬಡವರು ಹೆಚ್ಚು ಎಂದು ವರದಿ ಹೇಳಿತು.

ಈ ಒಗಟು ನಮ್ಮ ದೇಶದ್ದಷ್ಟೇ ಅಲ್ಲ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದಲ್ಲಿ ತೆಂಗು-ಗೋಡಂಬಿ ತೋಟಗಳ ನಡುವೆ ಸುಮಾರು ಐವರು ವಯಸ್ಕರಲ್ಲಿ ಒಬ್ಬರಿಗೆ ಕಿಡ್ನಿ ರೋಗವಿದೆ. ಅಲ್ಲಿಗಾಗಿಯೇ ಪಲಾಸದಲ್ಲಿ 200 ಹಾಸಿಗೆಗಳ ಆಸ್ಪತ್ರೆ ಮತ್ತು ಸಂಶೋಧನಾ ಕೇಂದ್ರ 2023ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಶ್ರೀಲಂಕಾದ ಭತ್ತದ ಗದ್ದೆಗಳ ಉತ್ತರ-ಮಧ್ಯ ಪ್ರಾಂತದಲ್ಲೂ ಇದೇ ಕಥೆ.

ಆದರೆ ನಮ್ಮ ಭಾಗದವರು ಕಿವಿ ನೆಟ್ಟಗೆ ಮಾಡಿ ಕೇಳಬೇಕಾದದ್ದು ಮಧ್ಯ ಅಮೆರಿಕದ ಸುದ್ದಿ. ಎಲ್ ಸಾಲ್ವಡಾರ್, ನಿಕರಾಗುವಾ ದೇಶಗಳ ಕರಾವಳಿಯಲ್ಲಿ ಕಬ್ಬು ಕಡಿಯುವ ಹರೆಯದ ಗಂಡಸರು ಸಾಲುಸಾಲಾಗಿ ಕಿಡ್ನಿ ರೋಗಕ್ಕೆ ಬಲಿಯಾದರು. 2002ರಲ್ಲಿ ಎಲ್ ಸಾಲ್ವಡಾರಿನ ವೈದ್ಯರು ಮೊದಲು ಇದನ್ನು ಬರೆದು ಪ್ರಕಟಿಸಿದರು. ನಿಕರಾಗುವಾದ ಚಿಚಿಗಾಲ್ಪಾ ಎಂಬ ಕಬ್ಬಿನ ಊರಿನ ಒಂದು ಕೇರಿಗೆ ಜನ 'ವಿಧವೆಯರ ದ್ವೀಪ' ಎಂದೇ ಹೆಸರಿಟ್ಟರು. ಸುಡುಬಿಸಿಲು, ಟನ್ನಿನ ಲೆಕ್ಕದ ಕೂಲಿ, ಅದರಿಂದಾಗಿ ನಿಲ್ಲದ ದುಡಿಮೆ, ಸಾಲದ ನೀರು. ಮೈಯ ನೀರು ದಿನ ದಿನವೂ ಬತ್ತಿ ಬತ್ತಿ ಕಿಡ್ನಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತವೆ ಎಂಬುದು ತಜ್ಞರ ಬಲವಾದ ಅನುಮಾನ. ಕೀಟನಾಶಕ, ಲೋಹ ಮುಂತಾದವುಗಳ ವಾದವೂ ಇದೆ, ತೀರ್ಪು ಪೂರ್ತಿ ಆಗಿಲ್ಲ. ಆದರೆ ನೀರು, ವಿಶ್ರಾಂತಿ, ನೆರಳು ಈ ಮೂರನ್ನು ಕಡ್ಡಾಯ ಮಾಡಿದ ಪಡಗಳಲ್ಲಿ ಕಿಡ್ನಿಯ ಪೆಟ್ಟು ಕಡಿಮೆಯಾದದ್ದು ಕಂಡುಬಂದಿದೆ.

ಕೃಷ್ಣೆ-ಘಟಪ್ರಭೆಯರ ಈ ಕಬ್ಬಿನ ಸೀಮೆಯಲ್ಲೂ ಕೂಲಿ ಟನ್ನಿನ ಲೆಕ್ಕವೇ. ಹೊರಗಿನಿಂದ ಬಂದ ಟೋಳಿಗಳು ನಸುಕಿನಲ್ಲೇ ಕುಡಗೋಲು ಹಿಡಿಯುತ್ತವೆ. ಒಂದು ಭೇದವಿದೆ: ಇಲ್ಲಿ ಕಾರ್ಖಾನೆಗಳ ಹಂಗಾಮು ಚಳಿಗಾಲದಲ್ಲಿ ಶುರುವಾಗುತ್ತದೆ. ಹಂಗಾಮು ಎಳೆದು ಮಾರ್ಚ್ ಮುಟ್ಟಿದರೆ ಆ ಭೇದವೂ ಕರಗುತ್ತದೆ. ಅಲ್ಲಿ ಆದದ್ದು ಇಲ್ಲಿ ಆಗಿಯೇ ಇದೆ ಎಂದು ಹೇಳುವುದು ಅವಸರದ ಮಾತಾದೀತು. ಆದರೆ ಊರಿಗೆ ಬಂದಾಕಿ ನೀರಿಗೆ ಬರದಿರ್ತಾಳೇನು? ಬಿಸಿಲು ಅದೇ, ಬೆಳೆ ಅದೇ, ಕೂಲಿಯ ಲೆಕ್ಕ ಅದೇ. ಪಡದ ಬದುವಿನಲ್ಲಿ ಒಂದು ನೀರಿನ ಕ್ಯಾನು, ಒಂದು ತಾಡಪತ್ರಿಯ ನೆರಳು, ತಾಸಿಗೊಮ್ಮೆ ಹತ್ತು ನಿಮಿಷದ ವಿಶ್ರಾಂತಿ. ಇದಕ್ಕೆ ಸಂಶೋಧನೆ ಮುಗಿಯುವ ತನಕ ಕಾಯಬೇಕಾಗಿಲ್ಲ, ಹೊಲದ ಧಣಿಯೂ ಟೋಳಿಯ ಮುಕಾದಮನೂ ಮನಸ್ಸು ಮಾಡಿದರೆ ಸಾಕು. ಪಡದಲ್ಲಿ, ಮಗ್ಗದ ಮನೆಯಲ್ಲಿ ದುಡಿಯುವ ಹೆಂಗಸರ ಸಂಕಟ ಇನ್ನೂ ಬೇರೆ. ಹೋಗಲು ಜಾಗವಿಲ್ಲವೆಂದು ನೀರನ್ನೇ ಕುಡಿಯುವುದಿಲ್ಲ.

ಯಂತ್ರದ ಹಂಗು

ಸೋಸುವ ಬಲ ನೂರರಲ್ಲಿ ಹದಿನೈದಕ್ಕಿಂತ ಕೆಳಗಿಳಿದರೆ ದಾರಿ ಎರಡೇ. ಡಯಾಲಿಸಿಸ್, ಇಲ್ಲವೇ ಕಸಿ.

ಡಯಾಲಿಸಿಸ್ ಯಂತ್ರವನ್ನು ಮೊದಲು ಕಟ್ಟಿದವನು ಹಾಲೆಂಡಿನ ಡಾ. ವಿಲೆಮ್ ಕೊಲ್ಫ್. 1943, ಯುದ್ಧದ ಕಾಲ. ದೇಶ ಜರ್ಮನರ ಕೈಯಲ್ಲಿ. ಸಾಮಾನು ಸಿಗದೆ ಮಾಂಸ ತುಂಬಲು ಬಳಸುವ ಸೆಲ್ಲೋಫೇನ್ ಕೊಳವೆಯನ್ನೇ ಕಟ್ಟಿಗೆಯ ಉರುಳಿಗೆ ಸುತ್ತಿ ರಕ್ತ ಹರಿಸಿದ. 1945ರಲ್ಲಿ 67 ವರ್ಷದ ಮುದುಕಿಯೊಬ್ಬಳು ಅದರಿಂದ ಬದುಕಿದಳು. ಈಗಿನ ಯಂತ್ರದ ಜರಡಿಯಲ್ಲಿ ಇರುವುದು ಒಳಗೆ ಪೊಳ್ಳಾದ ಸಾವಿರಾರು ಸೂಕ್ಷ್ಮ ನೂಲುಗಳು. ಬನಹಟ್ಟಿಯ ನೇಕಾರ ನೋಡಿದರೆ ಇದೂ ಒಂದು ನೂಲಿನ ಕಟ್ಟೇ! ಕಿಡ್ನಿಯ ಕೆಲಸವನ್ನು ಹಗಲೂ ರಾತ್ರಿ ಮಾಡುವ ಬದಲು ವಾರಕ್ಕೆ ಎರಡು-ಮೂರು ಸಲ, ಸಲಕ್ಕೆ ನಾಲ್ಕು ತಾಸು ಮಾಡುತ್ತದೆ, ಅಷ್ಟೇ ಭೇದ. ಆ ಅಷ್ಟೇ ಭೇದದಲ್ಲಿ ಒಂದು ಮನೆತನದ ಬದುಕು ತಲೆಕೆಳಗಾಗುತ್ತದೆ.

ಕೇಂದ್ರ ಸರಕಾರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಘೋಷಣೆಯಾಯಿತು. ಆಗ ಸರಕಾರವೇ ಕೊಟ್ಟ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ 2 ಲಕ್ಷ 20 ಸಾವಿರ ಹೊಸ ರೋಗಿಗಳು ಕೊನೆಯ ಹಂತ ಮುಟ್ಟುತ್ತಾರೆ. ರಾಜ್ಯದಲ್ಲಿ ತಾಲೂಕು ಆಸ್ಪತ್ರೆಗಳವರೆಗೂ ಉಚಿತ ಡಯಾಲಿಸಿಸ್ ಬಂದದ್ದು ದೊಡ್ಡ ಉಪಕಾರ. ಹಿಂದೆ ಇದಕ್ಕಾಗಿ ಬೆಳಗಾವಿ, ಹುಬ್ಬಳ್ಳಿ, ವಿಜಯಪುರದ ಬಸ್ಸು ಹತ್ತಬೇಕಾಗಿತ್ತು. ಆದರೆ ಯಂತ್ರ ಉಚಿತವಾದರೂ ಬದುಕು ಉಚಿತವಲ್ಲ. ವಾರಕ್ಕೆ ಮೂರು ದಿನ ರೋಗಿಯ ದುಡಿಮೆ ಹೋಯಿತು, ಜೊತೆಗೆ ಬರುವವರ ದುಡಿಮೆಯೂ ಹೋಯಿತು. ರಕ್ತ ಏರಿಸುವ ಸೂಜಿ, ಗುಳಿಗಿ, ಹಳ್ಳಿಯಿಂದ ಬರುವ ವಾಹನದ ಬಾಡಿಗೆ. ಮೊದಲು ದನ, ಆಮೇಲೆ ಹೊಲ ಮಾರುವ ಪಾಳಿ.

ಕಸಿಯ ಲೆಕ್ಕವಂತೂ ಇನ್ನೂ ಕಠಿಣ. 2023ರಲ್ಲಿ ಇಡೀ ದೇಶದಲ್ಲಿ ಆದ ಕಿಡ್ನಿ ಕಸಿ 13 ಸಾವಿರ ಚಿಲ್ಲರೆ. ಬೇಕಾದವರು ಲಕ್ಷಗಟ್ಟಲೆ. ಕೊಡುವವರಲ್ಲಿ ಹೆಚ್ಚಿನವರು ತಾಯಿ, ಹೆಂಡತಿ, ಅಕ್ಕ-ತಂಗಿಯರು. ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಮೆದುಳು ಸತ್ತವರ ಅಂಗದಾನಕ್ಕೆ ರಾಜ್ಯದಲ್ಲಿ 'ಜೀವಸಾರ್ಥಕತೆ' ಎಂಬ ಸರಕಾರಿ ವ್ಯವಸ್ಥೆ ಇದೆ. ಅದರ ಹೆಸರು ಈ ಕಡೆಯ ಹಳ್ಳಿಗಳ ಕಟ್ಟೆಗೆ ಇನ್ನೂ ಬರಬೇಕಾಗಿದೆ.

ದಿಡ್ಡಿ ಬಾಗಿಲು ಮೊದಲೇ ಹಾಕುವುದು ಹೇಗೆ?

ಇಷ್ಟು ಓದಿದ ಮೇಲೆ ಎದೆಗುಂದಬೇಕಾಗಿಲ್ಲ. ಮೊದಲೇ ಗುರುತಿಸಿದರೆ ಈ ರೋಗದ ಓಟವನ್ನು ನಿಧಾನ ಮಾಡಬಹುದು. ಅದಕ್ಕೆ ಬೇಕಾದದ್ದು ಮೂರೇ ಪರೀಕ್ಷೆ. ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ., ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್. ಸಕ್ಕರೆ ಬೇನೆ, ಬಿ.ಪಿ. ಇದ್ದವರು, ಮನೆತನದಲ್ಲಿ ಕಿಡ್ನಿ ರೋಗ ಇದ್ದವರು, ಹರಳಿನ ತೊಂದರೆ ಉಂಡವರು, ವರ್ಷಗಟ್ಟಲೆ ನೋವಿನ ಗುಳಿಗಿ ನುಂಗಿದವರು, 60 ದಾಟಿದವರು ವರ್ಷಕ್ಕೊಮ್ಮೆ ಮಾಡಿಸಬೇಕು. ಒಮ್ಮೆ ಅಂಕಿ ಹೆಚ್ಚು ಬಂದರೆ ಗಾಬರಿ ಬೇಡ, ಡಾಕ್ಟರರಿಗೆ ತೋರಿಸಿ, ಅವರು ಹೇಳಿದ ಹೊತ್ತಿಗೆ ಮತ್ತೆ ಮಾಡಿಸಿ ನೋಡಬೇಕು. ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಅಂಕಿಯೊಂದನ್ನೇ ನೋಡದೆ, ಕಿಡ್ನಿಯ ಸೋಸುವ ಬಲ ಎಷ್ಟು ಎಂದು ಡಾಕ್ಟರರನ್ನು ಕೇಳಬೇಕು. ಅದು 60ಕ್ಕಿಂತ ಕೆಳಗೆ ಮೂರು ತಿಂಗಳು ನಿಂತರೆ ರೋಗ ಇದೆ ಎಂದೇ ಅರ್ಥ.

ಔಷಧವೂ ಬಡವನ ಕೈಗೆ ಎಟಕುವ ಹಾಗಾಗಿದೆ. ರಾಮಿಪ್ರಿಲ್, ಎನಲಾಪ್ರಿಲ್ ಜಾತಿಯ ಬಿ.ಪಿ. ಗುಳಿಗಿಗಳು ಪ್ರೋಟೀನು ಸೋರುವುದನ್ನು ತಡೆಯುತ್ತವೆ ಎಂಬುದು ಹಳೆಯ ಮಾತು. ಸಕ್ಕರೆ ಬೇನೆಗೆಂದು ಬಂದ ಡಾಪಾಗ್ಲಿಫ್ಲೋಜಿನ್ ಎಂಬ ಗುಳಿಗಿ, ಸಕ್ಕರೆ ಇಲ್ಲದವರ ಕಿಡ್ನಿಯನ್ನೂ ಕಾಯುತ್ತದೆ ಎಂದು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ತೋರಿಸಿತು. ಅದೇ ವರ್ಷದ ಕೊನೆಗೆ ಭಾರತದಲ್ಲಿ ಅದರ ಪೇಟೆಂಟ್ ಮುಗಿದು ಅನೇಕ ಕಂಪನಿಗಳು ತಯಾರಿಸತೊಡಗಿದ್ದರಿಂದ ಬೆಲೆ ಇಳಿದಿದೆ. ಇವೆಲ್ಲ ಡಾಕ್ಟರರು ರಕ್ತ ನೋಡಿ ಕೊಡಬೇಕಾದ ಔಷಧಗಳು, ನೆರೆಮನೆಯವರು ನುಂಗುತ್ತಾರೆಂದು ನುಂಗುವಂಥವಲ್ಲ.

ಇಲ್ಲೇ ಒಂದು ಮುಖ್ಯ ಮಾತು. ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ ಬಸುರಿ ಹೆಣ್ಣುಮಗಳು ಹೋದರೆ ನರ್ಸಬಾಯಿ ಮೊದಲು ಮಾಡುವುದೇ ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ. ಆ ಪಟ್ಟಿ ಅಲ್ಲೇ ಇದೆ, ಓದಲು ಬಲ್ಲ ಕೈಯೂ ಅಲ್ಲೇ ಇದೆ. ಅದೇ ಮನೆಯ ಮಾವನಿಗೆ ಹತ್ತು ವರ್ಷದಿಂದ ಸಕ್ಕರೆ ಬೇನೆ, ಅತ್ತೆಗೆ ಬಿ.ಪಿ. ಅವರ ಮೂತ್ರ ನೋಡುವುದು ಮಾತ್ರ ಯಾರ ಪಾಲಿಗೂ ಬಂದಿಲ್ಲ. 30 ವರ್ಷ ಮೇಲ್ಪಟ್ಟವರ ಸಕ್ಕರೆ-ಬಿ.ಪಿ. ತಪಾಸಣೆಗೆ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗುತ್ತಾರೆ. ದೋಷ ಕಂಡವರಿಗೆ ಇದೊಂದು ಪಟ್ಟಿಯೂ ಸೇರಿದರೆ? ಬಹಳ ಸಣ್ಣ ಸೋರಿಕೆ ಈ ಪಟ್ಟಿಗೆ ಸಿಗುವುದಿಲ್ಲ, ಅದಕ್ಕೆ ಲ್ಯಾಬಿನ ಪರೀಕ್ಷೆಯೇ ಬೇಕು. ಆದರೂ ದೊಡ್ಡ ಸೋರಿಕೆಯವರನ್ನು ಹಿಡಿದರೆ ಅಷ್ಟು ಮನೆ ಉಳಿದಂತೆ. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಮಹಾಸಭೆ ಕಿಡ್ನಿ ಆರೋಗ್ಯದ ಬಗ್ಗೆ ಠರಾವು ಪಾಸು ಮಾಡಿದೆ. ಜಿನೀವಾದ ಠರಾವು ಹಳ್ಳಿಯ ಉಪಕೇಂದ್ರದ ಮೇಜಿಗೆ ಬರಬೇಕಾದರೆ ಇಲ್ಲಿಯವರೇ ಎಳೆದು ತರಬೇಕು.

ಎಳೆದು ತರುವುದು ಈ ಸೀಮೆಯ ಜನಕ್ಕೆ ಹೊಸದೇನಲ್ಲ. 1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸರಕಾರದ ದಾರಿ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ವಂತಿಗೆ ಹಾಕಿ, ರಟ್ಟೆಬಲ ಹಾಕಿ ಕೃಷ್ಣೆಗೆ ಅಡ್ಡ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂಬ ಅದರ ಹೆಸರೇ ಬೆವರಿನ ಹೆಸರು. ನೀರು ನಿಂತಿತು, ಹೊಲಗಳು ಹಸಿರಾದವು. ಹೊಳೆಗೇ ಕಟ್ಟೆ ಕಟ್ಟಿದವರಿಗೆ ಊರಿಗೊಂದು ಪಟ್ಟಿ ಬರೆಯುವುದು ಭಾರವೇ? ಸಕ್ಕರೆ ಬೇನೆ ಯಾರಿಗಿದೆ, ಬಿ.ಪಿ. ಯಾರಿಗಿದೆ, ಈ ವರ್ಷ ಮೂತ್ರ ಪರೀಕ್ಷೆ ಯಾರದು ಆಯಿತು, ಯಾರದು ಆಗಬೇಕು. ಪ್ರತಿ ವರ್ಷ ಮಾರ್ಚ್ ತಿಂಗಳ ಎರಡನೆಯ ಗುರುವಾರ ವಿಶ್ವ ಕಿಡ್ನಿ ದಿನ. ನಮ್ಮಲ್ಲಿ ಕಬ್ಬಿನ ಹಂಗಾಮು ಮುಗಿಯುವ ಹೊತ್ತು, ಬಿಸಿಲು ಏರುವ ಹೊತ್ತು. ಹಾಲಿನ ಡೇರಿಯ ಮುಂದೆ, ನೇಕಾರರ ಸಂಘದ ಪಡಸಾಲೆಯಲ್ಲಿ, ಸೊಸೈಟಿಯ ಕಟ್ಟೆಯ ಮೇಲೆ ಅಂದು ಒಂದು ಮೇಜು ಹಾಕಿದರೆ ಸಾಕು.

ದೇಶದ ಲೆಕ್ಕ 6 ಎನ್ನಲಿ, 13 ಎನ್ನಲಿ, 17 ಎನ್ನಲಿ. ಲ್ಯಾಬಿನ ಮುಂದೆ ರಿಪೋರ್ಟು ಹಿಡಿದು ಕೂತವನಿಗೆ ಲೆಕ್ಕ ಒಂದೇ. ಅವನ ಮನೆಯಲ್ಲಿ ದುಡಿಯುವವರು ಎಷ್ಟು, ಉಣ್ಣುವವರು ಎಷ್ಟು. "ಎರಡು ವರ್ಷ ಮೊದಲ ಯಾರರ ಹೇಳಿದ್ರ ಉಳೀತಿತ್ತೇನ್ರಿ?" ಎಂದು ಅವನು ಕೇಳುವ ಪ್ರಶ್ನೆಗೆ "ಹೌದು" ಎಂಬ ಉತ್ತರ ಕೊಡುವುದು ಯಾವ ಡಾಕ್ಟರರಿಗೂ ಸುಲಭವಲ್ಲ. ಆ ಪ್ರಶ್ನೆ ಬರದಂತೆ ಮಾಡುವುದು ಸುಲಭ. ಒಂದು ಪಟ್ಟಿ, ಒಂದು ಹನಿ ರಕ್ತ, ವರ್ಷಕ್ಕೊಂದು ಮುಂಜಾನೆ.